ಚಂದವ್ವನ ಬೆರಳಪಟ್ಟಿ

ಚಂದವ್ವ ಮಾಟ ಬಲ್ಲವಳು ಎಂದು ಹೇಳುವವರು ಇಂಡಿಯಲ್ಲಿ ಈಗಲೂ ಸಿಗುತ್ತಾರೆ. ಹೇಳಿಕೊಳ್ಳಲಿ ಬಿಡಿ, ಊರಿನ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಹಾಗೆ ಹೇಳುವ ಹೆಂಗಸರೇ ಮಗಳ ಲಗ್ನ ಗೊತ್ತಾದ ಮರುದಿನ ಹಳೇ ಸೀರೆಗಳ ಗಂಟು ಕಟ್ಟಿಕೊಂಡು ಅವಳ ಕಟ್ಟೆಗೆ ಬಂದು ಕೂಡುತ್ತಿದ್ದರಲ್ಲ, ಆ ಮಾತು ಮಾತ್ರ ಯಾರ ಬಾಯಿಂದಲೂ ಹೊರಡುವುದಿಲ್ಲ. ಅವಳ ಬಾಳು ಯಾವ ಮಾಟದಿಂದ ತಿರುಗಿತು, ಆ ಮಾಟ ಮಾಡಿದವರು ಯಾರು ಎಂಬುದನ್ನಂತೂ ಅವರಲ್ಲಿ ಒಬ್ಬರೂ ಎತ್ತುವುದಿಲ್ಲ.

ಅವಳ ಕಸುಬು ಕೌದಿ ಹೊಲಿಯುವುದು. ಹಳೆಯ ಸೀರೆ, ಧೋತರ, ಹರಿದ ಅಂಗಿ, ಕುಬಸದ ತುಂಡು, ಹೀಗೆ ಮನೆಯಲ್ಲಿ ಯಾವುದಕ್ಕೂ ಬೇಡವಾದದ್ದನ್ನೆಲ್ಲ ಪದರು ಪದರಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ದಪ್ಪ ಸೂಜಿಯಿಂದ ಸಾಲು ಸಾಲಾಗಿ ಹೊಲಿಯುತ್ತ ಹೋದರೆ ಎಂಟು ಹತ್ತು ದಿನಕ್ಕೆ ಒಂದು ಕೌದಿ. ಹೊಲಿಯುವಾಗ ಎಡಗೈಯ ತೋರುಬೆರಳು ಕೌದಿಯ ಕೆಳಗಿರುತ್ತದೆ, ಸೂಜಿಯ ಮೊನೆ ಬಂದು ತಾಗುವುದೂ ಅದಕ್ಕೇ. ಅದಕ್ಕಾಗಿ ಚಂದವ್ವ ತನ್ನದೇ ಹಸಿರು ಸೀರೆಯಿಂದ ಕೆಂಪಂಚಿನ ಒಂದು ಪಟ್ಟಿ ಹರಿದು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಕೆಲಸ ಮುಗಿದ ಮೇಲೆ ಆ ಬೆರಳಪಟ್ಟಿ ಗೋಡೆಯ ಮೊಳೆಗೆ ಹೋಗಬೇಕು, ಕೌದಿಯ ಮೇಲೆ ಇಡಲೇಬಾರದು. ಇದು ಅವಳ ಅವ್ವ ಯಲ್ಲವ್ವ ಹೇಳಿಕೊಟ್ಟ ಕಟ್ಟಳೆ.

ಇನ್ನೊಂದು ಪದ್ಧತಿ ಇತ್ತು. ಕೌದಿ ಮುಗಿಯುವಾಗ ಒಂದು ಮೂಲೆಯನ್ನು ಗೇಣುದ್ದ ತೆರೆದಿಡಬೇಕು. ಹೊಲಿಸಿದ ಮನೆಯವರು ರೊಟ್ಟಿಯ ಚೂರು, ಬೆಲ್ಲದ ಹರಳು ತಂದು ತಮ್ಮ ಕೈಯಾರೆ ಅದರೊಳಗೆ ಇಡಬೇಕು, ಕೌದಿಯ ಹೊಟ್ಟೆ ಹಸಿದಿರಬಾರದು ಎಂದು. ಆಮೇಲೆ ಹೊಲಿಯುವವಳು ಮೂಲೆ ಮುಚ್ಚಿ ಗಂಟು ಹಾಕುತ್ತಾಳೆ.

ಯಲ್ಲವ್ವ ಮಗಳ ತಲೆಗೆ ಬಡಿದು ಬಡಿದು ತುಂಬಿದ ಮಾತೆಂದರೆ ಒಂದು ಮನೆಯ ಅರಿವೆ ಇನ್ನೊಂದು ಮನೆಯ ಕೌದಿಗೆ ಹೋಗಬಾರದು ಎಂಬುದು. ಉಳಿದ ತುಂಡು ಹೆಬ್ಬೆರಳಷ್ಟಿದ್ದರೂ ಆ ಮನೆಗೇ ಮರಳಬೇಕು. ಚಂದವ್ವ ಹದಿನೆಂಟರ ಹುಡುಗಿಯಾಗಿದ್ದಾಗ ಇದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಸಿಂದಗಿಯ ಒಂದು ಕೌದಿಗೆ ಕೆಂಪು ತುಂಡು ಸಾಲದೆ ಬಂದಾಗ ಇಂಡಿಯ ಒಂದು ಮನೆಯ ಉಳಿಕೆಯನ್ನು ಸದ್ದಿಲ್ಲದೆ ಸೇರಿಸಿಬಿಟ್ಟಳು. ಆ ಎರಡು ಮನೆಗಳು ಒಂದರ ಹೆಸರು ಒಂದು ಕೇಳಿದವಲ್ಲ. ವರ್ಷ ತುಂಬುವುದರೊಳಗೆ ಸಿಂದಗಿಯ ಆ ಮನೆಯ ಹುಡುಗಿ ಇಂಡಿಯ ಈ ಮನೆಗೆ ಸೊಸೆಯಾಗಿ ಬಂದಳು. ಕೆಂಪು ತುಂಡಿನ ಸಂಗತಿ ಹೇಗೋ ಹೊರಬಿತ್ತು, ಚಂದವ್ವನ ಹೆಸರು ನಾಲ್ಕು ತಾಲ್ಲೂಕುಗಳಲ್ಲಿ ಓಡಾಡಿತು.

ಮಗಳು ನಕ್ಕಳು, ಅವ್ವ ನಗಲಿಲ್ಲ. ಆ ದಿನ ಯಲ್ಲವ್ವ ಮಗಳನ್ನು ಒಳಗೆ ಕರೆದು, ಯಾರಿಗೂ ಹೇಳದ ಒಂದು ಸಂಗತಿ ಹೇಳಿದಳು. ತನ್ನ ಸಣ್ಣ ವಯಸ್ಸಿನಲ್ಲಿ ಶೆಟ್ಟೆವ್ವ ಎಂಬ ಹುಡುಗಿಯ ಲಗ್ನದ ಕೌದಿಯನ್ನು ಗಂಡು ಹೆಣ್ಣು ಎರಡೂ ಮನೆಯ ಅರಿವೆ ಕೂಡಿಸಿ ಹೊಲಿಯುವಾಗ ಗಡಿಬಿಡಿಯಲ್ಲಿ ಮೂರನೆಯ ಮನೆಯ ತುಂಡೊಂದು ಸೇರಿತ್ತಂತೆ. ಹನ್ನೊಂದು ತಿಂಗಳಿಗೆ ಶೆಟ್ಟೆವ್ವ ಬಾಣಂತನದಲ್ಲಿ ತೀರಿಕೊಂಡಳು. ಅವಳ ಗಂಡ ಮತ್ತೆ ಲಗ್ನವಾದದ್ದು ಆ ಮೂರನೆಯ ಮನೆಯ ಹೆಣ್ಣನ್ನೇ. ಎರಡು ಮನೆಯದು ಕೂಡಿದರೆ ನಂಟಸ್ತಿಕೆ, ಲಗ್ನದ ಕೌದಿಯಲ್ಲಿ ಮೂರನೆಯದು ಬಂದರೆ ಮದುಮಗಳು ಜಾಗ ಬಿಟ್ಟುಕೊಡಬೇಕಾಗುತ್ತದೆ ಎಂದು ಹೇಳಿ ಯಲ್ಲವ್ವ ಅತ್ತಳು. ಅವ್ವ ತೀರಿಕೊಂಡ ಮೇಲೂ ಆ ಅಳು ಚಂದವ್ವನ ಕಿವಿಯಿಂದ ಹೋಗಲಿಲ್ಲ.

ಇನ್ನು ಹಣಮಂತ್ರಾಯನ ವಿಷಯ. ಝಳಕಿಯ ಒಕ್ಕಲುತನದ ಮನೆಯವನು, ಆದರೆ ಹೊಲಕ್ಕಿಂತ ಯಂತ್ರದ ಮೇಲೆ ಜೀವ. ಬಾವಿಗಳ ಮೇಲೆ ಕೂರಿಸಿದ ಎಣ್ಣೆ ಎಂಜಿನ್ನುಗಳು ಕೆಟ್ಟರೆ ಸೈಕಲ್ ಮೇಲೆ ಪಾನಾ, ಸುತ್ತಿಗೆಗಳ ಚೀಲ ಹೇರಿಕೊಂಡು ಹೊರಡುವವನು. ಒಂದು ನಿಂಬೆಯ ತೋಟದಲ್ಲಿ ಇವನು ಎಂಜಿನ್ ಬಿಚ್ಚಿ ಕೂತಿದ್ದಾಗ ಅದೇ ತೋಟದ ಮನೆಯ ಅಂಗಳದಲ್ಲಿ ಚಂದವ್ವ ಕೌದಿ ಹಾಸಿದ್ದಳು. ಎಂಜಿನ್ ಒಂದೇ ದಿನಕ್ಕೆ ರಿಪೇರಿಯಾಗಬೇಕಿತ್ತು, ಐದು ದಿನ ಹಿಡಿಯಿತು. ಯಾಕೆಂದು ತೋಟದ ಮಾಲೀಕನನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತಾಗಿತ್ತು.

ಮೂರು ವರ್ಷ ಹೀಗೇ ನಡೆಯಿತು. ಅವಳ ನೂಲಿನ ಉಂಡೆ ಉರುಳದಂತೆ ಅವನು ಎಂಜಿನ್ನಿನ ತಂತಿಗೆ ಹಾಕುವ ಒಂದು ವಿಚಿತ್ರ ಗಂಟು ಹಾಕಿಕೊಡುತ್ತಿದ್ದ. ಅದನ್ನು ಬಿಚ್ಚಲು ಅವಳಿಗೆ ಅರ್ಧ ದಿನ ಬೇಕಾಗುತ್ತಿತ್ತು, ಬೈದುಕೊಳ್ಳುತ್ತಲೇ ಬಿಚ್ಚುತ್ತಿದ್ದಳು. ಕೆಂಪು ತುಂಡಿನ ಕಥೆಯನ್ನು ಅವನು ಅವಳ ಬಾಯಿಂದಲೇ ನಾಲ್ಕು ಸಲ ಕೇಳಿ ನಂಬಿದ್ದ. ಅವ್ವನ ಗುಟ್ಟನ್ನು ಮಾತ್ರ ಅವಳು ಅವನಿಗೂ ಹೇಳಿರಲಿಲ್ಲ. ಅವನು ಅವಳನ್ನು ಎಷ್ಟು ಹಚ್ಚಿಕೊಂಡಿದ್ದನೆಂದರೆ, ಒಂದು ದಿನ ನೋಡದಿದ್ದರೆ ಮರುದಿನ ಸೈಕಲ್ಲಿನ ಗಂಟೆ ಅವಳ ಓಣಿಯಲ್ಲಿ ವಿನಾಕಾರಣ ಕೇಳಿಸುತ್ತಿತ್ತು. ಆದರೆ ಲಗ್ನದ ಮಾತು? ಅದನ್ನು ತಾಯಿಯ ಮುಂದೆ ಎತ್ತಲು ಈ ಮಹರಾಯನಿಗೆ ಬಾಯೇ ಇರಲಿಲ್ಲ. ನಾಳೆ ಹೇಳುತ್ತೇನೆ ಅನ್ನುವುದೊಂದನ್ನೇ ಕಲಿತಿದ್ದ.

ತಾಯಿ ರುಕ್ಮವ್ವ ಹಾಗೆ ಕಾಯುತ್ತ ಕೂಡುವ ಹೆಂಗಸಲ್ಲ. 1976ರ ಬೇಸಿಗೆಯಲ್ಲಿ ಮುದ್ದೇಬಿಹಾಳದ ರಾಚಪ್ಪನ ಮಗಳು ಶಂಕ್ರೆವ್ವನನ್ನು ಗೊತ್ತು ಮಾಡಿಯೇಬಿಟ್ಟಳು. ನಿಶ್ಚಯವಾದ ಮೂರನೇ ದಿನ ಎರಡು ಗಂಟುಗಳನ್ನು ತಾನೇ ಹೊತ್ತು ತಂದು ಚಂದವ್ವನ ಮುಂದೆ ಇಟ್ಟಳು. ಒಂದು ತನ್ನ ಮನೆಯ ಸೀರೆಗಳದು, ಇನ್ನೊಂದು ಬೀಗರ ಮನೆಯದು. ಅರಿಶಿಣದ ದಿನ ಮದುಮಗ ಮದುಮಗಳಿಬ್ಬರನ್ನೂ ಎರಡೂ ಮನೆಯ ಅರಿವೆ ಕೂಡಿದ ಹೊಸ ಕೌದಿಯ ಮೇಲೆ ಕೂರಿಸುವುದು ಅವರ ಮನೆತನದ ಪದ್ಧತಿ. ಇಬ್ಬರೂ ಕೂತರೆಂದರೆ ಕೌದಿ ಕಟ್ಟಿತು ಅನ್ನುತ್ತಾರೆ, ಅಲ್ಲಿಂದ ಮುಂದೆ ಅದರ ಒಂದು ಎಳೆಯನ್ನೂ ಬಿಚ್ಚುವಂತಿಲ್ಲ.

ಹೊಲಿಯುವವರು ಬೇರೆ ಇದ್ದಾರಲ್ಲ ಎಂದು ಚಂದವ್ವ ಮೆಲ್ಲಗೆ ಅಂದಳು. ರುಕ್ಮವ್ವ ಅವಳ ಮುಖವನ್ನೇ ನೋಡುತ್ತ ಹೇಳಿದಳು.

"ನೀನ ಹೊಲಿಬೇಕು. ನಿನ್ನ ಕೈಲೆ ಹೊಲದ್ರ ನಿನಗೂ ತಿಳೀತೈತಿ, ಅವಗೂ ತಿಳೀತೈತಿ."

ಅಂದರೆ ಮುದುಕಿಗೆ ಎಲ್ಲ ಗೊತ್ತಿತ್ತು.

ಒಲ್ಲೆ ಅನ್ನಬಹುದಿತ್ತು. ಅಂದಿದ್ದರೆ ಸೋತಂತೆ ಎಂದು ಚಂದವ್ವನ ಹಟ. ಒಂಬತ್ತು ದಿನ ಬೇವಿನ ಮರದ ಕೆಳಗೆ ಕೂತು ಹೊಲಿದಳು. ಬೀಗರ ಗಂಟಿನಲ್ಲಿ ಶಂಕ್ರೆವ್ವನ ಸಣ್ಣಂದಿನ ಹಳದಿ ಲಂಗವೊಂದಿತ್ತು, ಮಡಿಕೆಯಲ್ಲಿ ಇನ್ನೂ ಸೀಗೆಕಾಯಿಯ ವಾಸನೆ. ಆ ಲಂಗದ ಜಾಗದಲ್ಲಿ ತನ್ನ ಸೀರೆಯ ತುಂಡು ಇಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದು ದಿನಕ್ಕೆ ಹತ್ತು ಸಲ ಅನ್ನಿಸುತ್ತಿತ್ತು. ಸುಳ್ಳು ಯಾಕೆ ಹೇಳಬೇಕು, ಎರಡು ಸಲ ಪೆಟ್ಟಿಗೆ ತೆಗೆದು ಸೀರೆಯನ್ನು ಕೈಗೆ ತೆಗೆದುಕೊಂಡಿದ್ದಳು ಕೂಡ. ಎರಡು ಸಲವೂ ತಿರುಗಿ ಇಟ್ಟಳು. ಹಳದಿ ಲಂಗವನ್ನು ಕೌದಿಯ ನಟ್ಟನಡುವೆ ಕೂರಿಸಿ, ಇಷ್ಟು ಚೆಂದದ ಹೊಲಿಗೆ ಬಾಳಿನಲ್ಲಿ ಹಾಕಿರಲಿಲ್ಲ, ಹಾಗೆ ಹೊಲಿದಳು.

ಗುರುವಾರ ಮಧ್ಯಾಹ್ನ ಮೂಲೆಗೆ ಇಡುವ ರೊಟ್ಟಿ ಬೆಲ್ಲ ತೆಗೆದುಕೊಂಡು ಹಣಮಂತ್ರಾಯನೇ ಬಂದ. ಬಿಸಿಲಿಗೆ ಬಂದವನ ಮುಖ ಬಾಡಿತ್ತು. ಚಂದವ್ವ ಬೆರಳಪಟ್ಟಿ ಬಿಚ್ಚಿ ಕೌದಿಯ ಮೇಲೆಯೇ ಇಟ್ಟು, ಮಜ್ಜಿಗೆ ತರಲು ಒಳಗೆ ಹೋದಳು. ಒಳಗೆ ಗಡಿಗೆಯ ಮುಂದೆ ನಿಂತು ಅತ್ತಳು, ಮುಖ ತೊಳೆದುಕೊಂಡಳು, ಆಮೇಲೆ ತಂಬಿಗೆ ಹಿಡಿದು ಹೊರಬಂದಳು. ರೊಟ್ಟಿ ಇಟ್ಟಾಗಿದೆ ಎಂದು ಅವನು ನೆಲ ನೋಡುತ್ತ ಹೇಳಿದ. ಮೂಲೆಯ ಕಡೆ ಅವಳು ಸರಿಯಾಗಿ ನೋಡಲೇ ಇಲ್ಲ, ಕಣ್ಣು ಮಂಜಾಗಿತ್ತು. ಬರಿಬೆರಳಲ್ಲೇ ಸರಸರ ಹೊಲಿದು ಗಂಟು ಹಾಕಿ ಕಡಿದಳು. ಅವನು ಕೌದಿಯನ್ನು ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋದ.

ಶುಕ್ರವಾರ ಅವಳು ಹಾಸಿಗೆ ಬಿಟ್ಟು ಏಳಲಿಲ್ಲ. ಶನಿವಾರ ಬೆಳಿಗ್ಗೆ, ಹೊಟ್ಟೆ ಕೇಳಬೇಕಲ್ಲ, ಬೇರೆಯವರ ಕೌದಿ ಹಾಸಿ ಕೂತಳು. ಮೊಳೆಯ ಕಡೆ ಕೈ ಹೋಯಿತು. ಮೊಳೆ ಬರಿದಾಗಿತ್ತು.

ಕಟ್ಟೆ ಹುಡುಕಿದಳು, ಅಂಗಳ ಗುಡಿಸಿದಳು, ಪೆಟ್ಟಿಗೆಯನ್ನು ಬೋರಲು ಹಾಕಿದಳು. ಗುರುವಾರ ಪಟ್ಟಿಯನ್ನು ಎಲ್ಲಿ ಇಟ್ಟಿದ್ದೆ ಎಂದು ನೆನಪಾದಾಗ ಪೆಟ್ಟಿಗೆಯನ್ನು ಹಾಗೇ ಬಿಟ್ಟು ಎದ್ದಳು. ಕೌದಿಯ ಮೇಲೆ ಇಟ್ಟದ್ದು, ಪಕ್ಕದಲ್ಲೇ ತೆರೆದ ಮೂಲೆ. ಜಾರಿ ಒಳಗೆ ಹೋಗಿದೆ. ಮೂರನೆಯ ಮನೆಯ ಅರಿವೆ, ಅದೂ ತನ್ನದೇ, ಶಂಕ್ರೆವ್ವನ ಲಗ್ನದ ಕೌದಿಯಲ್ಲಿ.

ಮೊದಲು ಅವಳಿಗೆ ಹೊಳೆದದ್ದು, ಹಾಗಾದರೆ ಅವನು ನನ್ನವನಾಗುತ್ತಾನೆ ಎಂದು. ಒಂದು ಕ್ಷಣ ಎದೆ ಹಿಗ್ಗಿತು, ಹೌದು. ಮರುಕ್ಷಣವೇ ಆ ಹಳದಿ ಲಂಗ ಕಣ್ಣಿಗೆ ಬಂತು. ತನಗೆ ಅವನು ಸಿಗಬೇಕಾದರೆ ಆ ಹುಡುಗಿ ಸಾಯಬೇಕು. ಇದನ್ನು ತಿಳಿದೂ ಹಿಗ್ಗಿದೆನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಅರಿಶಿಣ ಇವತ್ತೇ, ಮುದ್ದೇಬಿಹಾಳದಲ್ಲಿ, ಹೊತ್ತು ಇಳಿಯುವ ಮುಂಚೆ. ಅವರು ಆ ಕೌದಿಯ ಮೇಲೆ ಕೂಡುವುದರೊಳಗೆ ಪಟ್ಟಿ ಹೊರಗೆ ಬರಬೇಕು. ಸೂಜಿಯೊಂದನ್ನು ಕುಬಸಕ್ಕೆ ಚುಚ್ಚಿಕೊಂಡು, ಬಾಗಿಲಿಗೆ ಬೀಗವನ್ನೂ ಹಾಕದೆ ಬಸ್ ನಿಲ್ದಾಣಕ್ಕೆ ಓಡಿದಳು.

ಸಿಂದಗಿಯ ತನಕ ಬಸ್ಸು ಸಿಕ್ಕಿತು. ಅಲ್ಲಿ ಇಳಿದು ಕೇಳಿದರೆ ಬಸವನ ಬಾಗೇವಾಡಿಯ ಬಸ್ಸು ಆಗಷ್ಟೇ ಹೋಗಿದೆ, ಮುಂದಿನದು ಎರಡು ಗಂಟೆಗೆ. ಎರಡಕ್ಕೆ ಹೊರಟರೆ ಕೆಲಸ ಕೆಟ್ಟಂತೆಯೇ. ನಿಲ್ದಾಣದ ಹೊರಗೆ ಕಾಸಿಂಸಾಬ ಎಂಬ ನಡುವಯಸ್ಸಿನವನು ಲಾರಿಗೆ ನೀರು ಹಾಕುತ್ತಿದ್ದ, ಜೊತೆಗೆ ಹೆಂಡತಿ ಸೈದಾಬಿ, ತವರಿಗೆ ಹೊರಟವಳು. ಬಾಗೇವಾಡಿಗೆ ಹೋಗುತ್ತದೆಯೇ ಎಂದು ಚಂದವ್ವ ಕೇಳಿದ ರೀತಿಗೆ ಸೈದಾಬಿ ಸರಿದು ಜಾಗ ಮಾಡಿದಳು. ಹಿಪ್ಪರಗಿ ದಾಟುವಾಗ ಯಾರಿಗೆ ಕಾಯಿಲೆ ಎಂದು ಕೇಳಿದಳು. ಒಂದು ಹುಡುಗಿಗೆ ಅಂದಳು ಚಂದವ್ವ. ಕಾಸಿಂಸಾಬ ಲಾರಿಯನ್ನು ಇನ್ನಷ್ಟು ಜೋರಾಗಿ ಬಿಟ್ಟ.

ಬಾಗೇವಾಡಿಯ ನಿಲ್ದಾಣದಲ್ಲಿ ಮುದ್ದೇಬಿಹಾಳದ ಬಸ್ಸು ನಿಂತೇ ಇತ್ತು. ಜನ ಹತ್ತುತ್ತಿದ್ದರು. ಇಲ್ಲಿಯ ತನಕ ಓಡಿ ಬಂದವಳ ಕಾಲು ಇಲ್ಲಿ ನಿಂತುಬಿಟ್ಟಿತು. ಕಲ್ಲುಬೆಂಚಿನ ಮೇಲೆ ಕೂತಳು. ನಾನೇನು ಬೇಕೆಂದು ಇಟ್ಟೆನೇ? ತಾನಾಗಿ ಜಾರಿದ್ದು. ದೈವ ತಾನೇ ಕೊಡುತ್ತಿರುವುದನ್ನು ಬೇಡ ಅನ್ನಲು ನಾನು ಯಾರು? ಈ ಬಸ್ಸು ತಪ್ಪಿತು ಅಂದರಾಯಿತು, ನನ್ನನ್ನು ಕೇಳುವವರು ಯಾರಿದ್ದಾರೆ? ಮೂರು ವರ್ಷ ಕಾದದ್ದು ಸುಮ್ಮನೆಯೇ? ಕಂಡಕ್ಟರ್ ಎರಡು ಸಲ ಸೀಟಿ ಊದಿದ. ಬಸ್ಸು ಹೊರಳಿ ಗೇಟಿನ ತನಕ ಹೋಯಿತು. ಆಗ ಅವಳಿಗೆ ಅವ್ವನ ಅಳು ಕೇಳಿಸಿತು ಅನ್ನುತ್ತಾರೆ, ಇರಬಹುದು. ಎದ್ದು ಸೀರೆ ಎತ್ತಿ ಕಟ್ಟಿ ಓಡಿದಳು, ಬಾಗಿಲಿನ ಕಂಬಿ ಹಿಡಿದು ಜೋತುಬಿದ್ದಳು. ಕಂಡಕ್ಟರನಿಂದ ಬೈಗುಳ ತಿಂದೇ ಒಳಗೆ ಹೋದಳು.

ಮುದ್ದೇಬಿಹಾಳದಲ್ಲಿ ರಾಚಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ, ಲಗ್ನದ ಹಂದರ ಓಣಿಯ ತುದಿಗೇ ಕಾಣುತ್ತಿತ್ತು. ಹೊತ್ತು ಇಳಿಯತೊಡಗಿತ್ತು. ಹಂದರದ ನಡುವೆ ಕೌದಿ ಹಾಸಿತ್ತು, ಹಣಮಂತ್ರಾಯ ಆಗಲೇ ಅದರ ಮೇಲೆ ಕೂತಿದ್ದ. ಇಬ್ಬರು ಹೆಂಗಸರು ಶಂಕ್ರೆವ್ವನ ತೋಳು ಹಿಡಿದು ಕರೆತರುತ್ತಿದ್ದರು. ಅವಳ ಬಲಗಾಲು ಕೌದಿಯ ಅಂಚಿನಲ್ಲಿತ್ತು.

"ಕುಂದ್ರಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಅದರ ಮ್ಯಾಲ ಕುಂದ್ರಬ್ಯಾಡ್ರಿ."

ಹಂದರವೆಲ್ಲ ತಿರುಗಿ ನೋಡಿತು. ಧೂಳು ಮೆತ್ತಿದ ಮುಖ, ಬಿಚ್ಚಿದ ತುರುಬು, ಎಲ್ಲಿಂದಲೋ ಓಡಿ ಬಂದ ಹೆಂಗಸು. ರುಕ್ಮವ್ವ ಎಲ್ಲರಿಗಿಂತ ಮೊದಲು ಎದ್ದು ಬಂದು ದಾರಿಗೆ ಅಡ್ಡ ನಿಂತಳು. ಏನು ಮಾಟ ಮಾಡಿಟ್ಟಿದ್ದೀ ಎಂದು ಹಲ್ಲು ಕಚ್ಚಿ ಕೇಳಿದಳು. ಮಾಟ ಅನ್ನುವ ಮಾತು ಕಿವಿಯಿಂದ ಕಿವಿಗೆ ಓಡಿತು, ಗಂಡಸರು ಎದ್ದು ನಿಂತರು. ರಾಚಪ್ಪ ಮಗಳನ್ನು ಹಿಂದಕ್ಕೆ ಎಳೆದುಕೊಂಡ.

ಸುಳ್ಳು ಹೇಳಲು ಸಾವಿರ ದಾರಿ ಇದ್ದವು. ಒಳಗೆ ಸೂಜಿ ಉಳಿದಿದೆ ಅಂದಿದ್ದರೂ ನಡೆಯುತ್ತಿತ್ತು. ಚಂದವ್ವನಿಗೆ ಅದು ಹೊಳೆಯಲೇ ಇಲ್ಲ. ತನ್ನ ಬೆರಳಪಟ್ಟಿ ಕೌದಿಯೊಳಗೆ ಹೋಗಿದೆ, ಮೂರನೆಯ ಮನೆಯ ಅರಿವೆ ಇದ್ದರೆ ಮದುಮಗಳ ಜೀವಕ್ಕೆ ಕೇಡು, ತನ್ನ ಅವ್ವನ ಕೈಯಿಂದ ಹೀಗಾಗಿ ಒಬ್ಬಳು ಹೋಗಿದ್ದಾಳೆ ಎಂದು ನಿಂತಲ್ಲೇ ಎಲ್ಲ ಹೇಳಿದಳು. ನಾಲ್ಕು ತಾಲ್ಲೂಕಿನಲ್ಲಿ ತನಗೆ ಇನ್ನು ಯಾರೂ ಒಂದು ಲಂಗೋಟಿಯನ್ನೂ ಹೊಲಿಯಲು ಕೊಡುವುದಿಲ್ಲ ಎಂಬುದು ಹೇಳುತ್ತಿರುವಾಗಲೇ ಅವಳಿಗೆ ಗೊತ್ತಿತ್ತು. ಹಣಮಂತ್ರಾಯನ ಮುಖ ಬೂದಿಯಾಗಿತ್ತು. ಅವಳು ಅವನ ಕಡೆ ನೋಡಲಿಲ್ಲ.

"ಹಾಂಗಾರ ಬಿಚ್ಚು," ಅಂದಳು ಶಂಕ್ರೆವ್ವ. ಹತ್ತೊಂಬತ್ತರ ಹುಡುಗಿ, ಗಲ್ಲದ ತುಂಬ ಅರಿಶಿಣ, ದನಿಯಲ್ಲಿ ನಡುಕವಿಲ್ಲ. "ಜೀವ ನಂದೈತಿ. ಎಲ್ಲಾರ ಮುಂದ ಬಿಚ್ಚು."

ಚಂದವ್ವ ಮೂಲೆಯ ಮುಂದೆ ಕೂತು ಸೂಜಿಯ ಮೊನೆಯಿಂದ ತನ್ನದೇ ಹೊಲಿಗೆಯನ್ನು ಒಂದೊಂದಾಗಿ ಎತ್ತಿದಳು. ಒಳಗೆ ಕೈ ಹಾಕಿದಳು. ಒಣಗಿದ ರೊಟ್ಟಿ ಬಂತು, ಬೆಲ್ಲದ ಹರಳು ಬಂತು. ಆಮೇಲೆ ಹಸಿರು ಬಟ್ಟೆ ಬೆರಳಿಗೆ ತಾಗಿತು. ಉಸಿರು ಬಿಟ್ಟು ಎಳೆದಳು. ಪಟ್ಟಿ ಒಂದೇ ಬರಲಿಲ್ಲ. ಅದರ ಜೊತೆ ಎಣ್ಣೆಯ ಕಲೆಯ ನೀಲಿ ಅಂಗಿಯ ತುಂಡೊಂದಿತ್ತು. ಎರಡನ್ನೂ ಸೇರಿಸಿ ಗಂಟು ಹಾಕಿತ್ತು. ಎಂಜಿನ್ನಿನ ತಂತಿಗೆ ಹಾಕುವ ಆ ವಿಚಿತ್ರ ಗಂಟು.

ಜಾರಿ ಹೋದ ಪಟ್ಟಿ ಗಂಟು ಹಾಕಿಕೊಳ್ಳುತ್ತದೆಯೇ?

ಚಂದವ್ವ ಮೆಲ್ಲಗೆ ತಲೆ ಎತ್ತಿ ಅವನನ್ನು ನೋಡಿದಳು. ಶಂಕ್ರೆವ್ವ ಗಂಟನ್ನೂ ನೋಡಿದಳು, ಇವಳು ನೋಡುತ್ತಿದ್ದ ಕಡೆಯೂ ನೋಡಿದಳು. ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

"ನೀ ಮಜ್ಜಿಗಿ ತರಾಕ ಒಳಗ ಹೋದಾಗ ಇಟ್ಟೆ," ಅಂದ ಹಣಮಂತ್ರಾಯ. "ಕೂಡಿಸಿದ್ರ ಕೂಡ್ತಾವು ಅಂತ ನೀನ ಹೇಳಿದ್ದಿ. ಸಾಯೂ ಮಾತು ನನಗ ಗೊತ್ತಿರಲಿಲ್ಲ, ಚಂದವ್ವ."

ಅಷ್ಟು ದೂರ ಎದೆ ಹಿಡಿದುಕೊಂಡು ಬಂದವಳಿಗೆ ಈಗ ಸಿಟ್ಟು ಬಂತು. ಅಂತಿಂಥ ಸಿಟ್ಟಲ್ಲ, ಮೂರು ವರ್ಷದ್ದು.

"ನಿಮಗ ಬಾಯಿ ಇರಲಿಲ್ಲೇನ್ರಿ? ಒಂದ ಮಾತು ಆಡೂದು ಬಿಟ್ಟು ಅರಿವಿಗೆ ಗಂಟು ಹಾಕಿ ಕುಂತ್ರಿ. ಆ ಹುಡುಗಿ ಸತ್ತಿದ್ರ ನಾ ನಿಮ್ಮ ಮುಖಾ ನೋಡತಿದ್ನೇನು?"

ರುಕ್ಮವ್ವ ಏನೋ ಹೇಳಲು ಬಾಯಿ ತೆರೆದಳು, ಶಂಕ್ರೆವ್ವ ಅದಕ್ಕೂ ಮೊದಲು ಅಪ್ಪನ ಕಡೆ ತಿರುಗಿದಳು. ಆಡುವ ಮಾತನ್ನು ಆಡಲಾರದವನ ಜೊತೆ ಬಾಳುವುದು ತನ್ನಿಂದ ಆಗದು, ಈ ಕೌದಿಯ ಮೇಲೆ ತಾನು ಕೂಡುವುದಿಲ್ಲ ಎಂದಳು. ಆಮೇಲೆ ನಡೆದ ಗದ್ದಲವನ್ನು ಹೇಳುತ್ತ ಕೂತರೆ ಹೊತ್ತು ಸಾಲದು. ಹಿರಿಯರು ಕೂಗಾಡಿದರು, ಹೆಂಗಸರು ಅತ್ತರು, ಮಾಡಿದ ಅಡುಗೆಯನ್ನು ಮಾತ್ರ ಎಲ್ಲರೂ ಉಂಡರು. ಚಂದವ್ವ ಹಳದಿ ಲಂಗದ ತುಂಡನ್ನು ಬಿಚ್ಚಿ ಶಂಕ್ರೆವ್ವನ ಕೈಗೆ ಕೊಟ್ಟಳು. ಗಂಟು ಬಿಚ್ಚಿ ನೀಲಿ ತುಂಡನ್ನು ಹಣಮಂತ್ರಾಯನ ಮುಂದೆ ಇಟ್ಟಳು. ಬೆರಳಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. ಏನಾದರೂ ಹೇಳುವುದಿದ್ದರೆ ಹಗಲು ಹೊತ್ತಿನಲ್ಲಿ, ತಾಯಿಯನ್ನು ಕರೆದುಕೊಂಡು, ತನ್ನ ಬಾಗಿಲಿಗೆ ಬಂದು ಬಾಯಿಂದ ಹೇಳಬೇಕು ಎಂದು ಹೇಳಿ ನಡೆದುಬಿಟ್ಟಳು.

ಹದಿನೆಂಟು ದಿನ ಅವನು ಬರಲಿಲ್ಲ. ಆ ಹದಿನೆಂಟು ದಿನ ಒಂದು ಗಂಟು ಅರಿವೆಯೂ ಬರಲಿಲ್ಲ. ಹತ್ತೊಂಬತ್ತನೆಯ ದಿನ ಸೈಕಲ್ ತಳ್ಳಿಕೊಂಡು ಬಂದ, ಹಿಂದೆ ಮುಖ ಗಂಟಿಕ್ಕಿಕೊಂಡು ರುಕ್ಮವ್ವ. ಓಣಿಯ ಜನ ಕೇಳುವಂತೆ ಅವನು ಹೇಳಿದ, ತೊದಲಿದ, ಮತ್ತೆ ಮೊದಲಿನಿಂದ ಹೇಳಿದ. ಪೂರ್ತಿ ಹೇಳಿಸಿಕೊಂಡ ಮೇಲೆಯೇ ಚಂದವ್ವ ಚಾಪೆ ಹಾಸಿದಳು. ಲಗ್ನ ಸರಳವಾಗಿ ಆಯಿತು. ಅತ್ತೆ ಒಂದು ವರ್ಷ ಸೊಸೆಯ ಜೊತೆ ಮಾತಾಡಲಿಲ್ಲ, ಆಮೇಲೆ ಮಾತಾಡದೆ ಇರಲಾಗಲಿಲ್ಲ.

ಲಗ್ನವಾದ ಮೂರನೆಯ ವರ್ಷದ ಬೇಸಿಗೆಯಲ್ಲಿ ಒಬ್ಬ ಕಂಡಕ್ಟರ್ ಮುದ್ದೇಬಿಹಾಳದಿಂದ ಒಂದು ಗಂಟು ತಂದುಕೊಟ್ಟ. ಚಂದವ್ವ ಬಿಚ್ಚಿ ನೋಡಿದಳು. ಮೇಲೆಯೇ ಹಳದಿ ಲಂಗದ ತುಂಡು, ಕೆಳಗೆ ಯಾರದೋ ಗಂಡಸಿನ ಬಿಳಿ ಅಂಗಿಗಳು. ಜೊತೆಗೆ ಒಂದು ಚೀಟಿ. ತನ್ನ ಲಗ್ನ ಗೊತ್ತಾಗಿದೆ, ಹುಡುಗ ಬಾಯಿಬಿಟ್ಟು ಕೇಳಿದ್ದಾನೆ, ಕೌದಿ ನೀನೇ ಹೊಲಿಯಬೇಕು ಎಂದು ಶಂಕ್ರೆವ್ವ ಬರೆದಿದ್ದಳು. ಕೆಳಗೆ ಇನ್ನೊಂದು ಸಾಲಿತ್ತು.

"ಮೂಲಿ ಮಾತ್ರ ತೆರದಿಟ್ಟು ಕಳಸು. ಕೈಹಾಕಿ ನೋಡಿ ನಾನ ಮುಚ್ಚತೇನಿ."

ಚಂದವ್ವ ಆ ಚೀಟಿ ಹಿಡಿದು ಕಟ್ಟೆಯ ಮೇಲೆ ಕೂತು ನಕ್ಕಳು, ನಗುತ್ತ ನಗುತ್ತ ಅತ್ತಳು. ಆಮೇಲೆ ಬೆರಳಪಟ್ಟಿಯನ್ನು ಗಂಡನ ಕೈಗೆ ಕೊಟ್ಟು, ಹೋಗಿ ಮೊಳೆಗೆ ಹಾಕಿ ಬರಲು ಹೇಳಿದಳು. ಅವನು ಹಾಕಿ ಬಂದ ಮೇಲೆ ತಾನೂ ಎದ್ದು ಹೋಗಿ ನೋಡಿ ಬಂದಳು.